ಹಾಡಿನ ನಡುವಿನ ಕೆಮ್ಮು

ದೋಸ್ತ ಯಲ್ಲಪ್ಪಾ,

ಮೊದಲು ನನ್ನನ್ನು ಬೈದುಬಿಡು, ಆಮೇಲೆ ಓದು. ನಮ್ಮ ಬ್ಯಾಂಡಿನಲ್ಲಿ ನಿನ್ನ ಜಾಗಕ್ಕೆ ಬೇರೊಬ್ಬ ಹಾಡುಗಾರ ಬಂದಿದ್ದಾನೆ. ಕರೆತಂದದ್ದು ನಾನೇ, ನಿನ್ನ ಡ್ರಮ್ಮಿನ ಮೆಹಬೂಬ, ಉಳಿದವರನ್ನು ದೂರಬೇಡ. ಆದರೆ ನಿನ್ನ ಅವ್ವ ಬೇಡ ಅಂದರೆ ನಿನ್ನ ಹಾಡಿನ ಆಲ್ಬಮ್ಮೇ ಬೇಡ ಎಂದು ಮಾತಾಡಿಕೊಂಡಿದ್ದೆವು.

ಮಡ್ಕಯಿಯಲ್ಲಿ ನಮ್ಮ ತಾಲೀಮಿನ ತಗಡಿನ ಶೆಡ್ಡಿನಲ್ಲಿ ನೀನು ಮೊದಲ ಸಲ ಬಾಯಿ ತೆರೆದ ಭಾನುವಾರ ನೆನಪಿದೆಯಾ? ಹೆವಿ ಮೆಟಲ್ ಎಂಬ ಆ ಅಬ್ಬರದ ಸಂಗೀತ ಏನೆಂದು ನಮಗೇ ಪೂರ್ತಿ ಗೊತ್ತಿರಲಿಲ್ಲ. ಇಂಥ ಗರ್ಜನೆ ಎಲ್ಲಿ ಕಲಿತೆ ಅಂದರೆ, ಮೂರನೇ ಮಹಡಿಯಿಂದ ಕಾಂಕ್ರೀಟ್ ಬುಟ್ಟಿಗಾಗಿ ಕೂಗಿ ಕೂಗಿ ಬಂತು ಅಂದೆ. ಮಿಕ್ಸರ್ ಮಷಿನ್ನನ್ನೇ ಮೀರಿಸಿದವನಿಗೆ ನನ್ನ ಡ್ರಮ್ ಯಾವ ಲೆಕ್ಕ?

ಸ್ಲ್ಯಾಬ್ ಹಾಕಿದ ದಿನ ನೀನು ಮೈತುಂಬ ಸಿಮೆಂಟ್ ಧೂಳು ಹೊತ್ತು ನೇರ ಶೆಡ್ಡಿಗೆ ಬಂದಿದ್ದೆ. ನೀನೇ ಕಟ್ಟಿದ ಮಿಕ್ಸರ್ ಹಾಡನ್ನು ಕ್ಯಾಸೆಟ್ಟಿಗೆ ಹಾಡುವಾಗ, ಎರಡನೇ ನುಡಿ ಮುಗಿಯುವಲ್ಲಿ ಕೆಮ್ಮಿದೆ. ಇನ್ನೊಮ್ಮೆ ಹಾಡು ಅಂದೆವು. ನೀನು ಮುಂದಿನ ವಾರ ಅಂದೆ. ಮುಂದಿನ ವಾರಕ್ಕೆ ಆ ಹಾಳು ಜ್ವರ ನಿನ್ನನ್ನೇ ಹೊತ್ತೊಯ್ದಿತು.

ಹೊಸ ಹಾಡುಗಾರ ಸಾವಿಯೋ, ಸಾಂಗೆ ಊರಿನ ಹುಡುಗ. ಮನೆಮಾತು ಕೊಂಕಣಿ, ಕನ್ನಡ ಒಂದಕ್ಷರ ಬಾರದು. ನಿನ್ನ ಕ್ಯಾಸೆಟ್ ಕೊಟ್ಟು, ಇದರಲ್ಲಿರುವಂತೆಯೇ ಕಲಿತು ಬಾ ಅಂದಿದ್ದೆವು. ತಿಂಗಳ ಮೇಲೆ ಬಂದು ಹಾಡಿದ. ಎರಡನೇ ನುಡಿ ಮುಗಿಯಿತು, ಸರಿಯಾಗಿ ಅದೇ ಜಾಗದಲ್ಲಿ ಕೆಮ್ಮಿದ. ಅದೂ ಹಾಡಿನದೇ ಎಂದು ತಿಳಿದಿದ್ದನಂತೆ, ಪಾಪ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಅತ್ತೆ ಕಣೋ. ಆಲ್ಬಮ್ಮಿಗೂ ಹಾಗೆಯೇ ಹಾಡಿಸಿದೆ. ರೆಕಾರ್ಡಿಂಗಿನವನು ಕೆಮ್ಮು ತೆಗೆಯೋಣ ಅಂದ, ನಾನು ಬಿಡಲಿಲ್ಲ.

ಮೊನ್ನೆ ಶುಕ್ರವಾರ ಸಾವಿಯೋನನ್ನು ಕರೆದುಕೊಂಡು, ಅವ್ವನ ಒಪ್ಪಿಗೆ ಕೇಳಲು ಚಿಂಬಲ್‌ನ ನಿಮ್ಮ ಮನೆಗೆ ಹೋದೆ. ಈಗೆಲ್ಲ ಸಿ.ಡಿ. ಕಾಲ, ಆದರೂ ಅವ್ವನಿಗೆಂದು ಕ್ಯಾಸೆಟ್ಟಿಗೆ ಇಳಿಸಿ, ನಿನ್ನದೇ ಟೇಪ್ ರೆಕಾರ್ಡರಿಗೆ ಹಾಕಿದೆ. ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಮಗನ ಹಾಡು ಬೇರೆಯವನ ಬಾಯಲ್ಲಿ ಅಂದರೆ ಯಾವ ತಾಯಿಗೆ ತಾನೇ... ನನಗೆ ಎದ್ದು ಹೋಗೋಣ ಅನಿಸಿತು.

ಕೆಮ್ಮು ಬಂತು. ಅವ್ವ ರೊಟ್ಟಿ ಬಿಟ್ಟು ಎದ್ದಳು. ಹಿಟ್ಟಿನ ಕೈಯಲ್ಲೇ ಕೊಡದಿಂದ ತಂಬಿಗೆ ತುಂಬಿ ತಂದು ಟೇಪ್ ರೆಕಾರ್ಡರಿನ ಮುಂದೆ ಬಂದಳು, ಅಲ್ಲೇ ನಿಂತುಬಿಟ್ಟಳು. ಹಾಡು ಮುಗಿಯುವವರೆಗೂ ಹಾಗೇ ನಿಂತಿದ್ದಳು. ಆಮೇಲೆ ತಿರುಗಿ ತಂಬಿಗೆಯನ್ನು ಸಾವಿಯೋನ ಕೈಗಿತ್ತಳು.

"ಕುಡಿ ಯಪ್ಪಾ. ಅವಂಗೂ ಹೇಳತಿದ್ನಿ, ನೀರ ಕುಡದ ಹಾಡಂತ."

ಅವನಿಗೆ ಮಾತು ತಿಳಿಯಲಿಲ್ಲ, ನೀರನ್ನು ಮಾತ್ರ ಪೂರ್ತಿ ಕುಡಿದ. ಬರುವ ಭಾನುವಾರ ಆಲ್ಬಮ್ ಬಿಡುತ್ತಿದ್ದೇವೆ ದೋಸ್ತ, ನಿನ್ನ ಕೆಮ್ಮಿನ ಸಮೇತ.

ನಿನ್ನ,
ಮೆಹಬೂಬ