ಶಿವಕೃಷ್ಣನ ಕುರಿಗಳೂ ನಮ್ಮ ಎಲೆಕೋಸೂ

ಕೋಸಗಿ
೧೮ ಜನವರಿ ೨೦೨೫, ಶನಿವಾರ

ಪ್ರೀತಿಯ ತಂಗಿ ನಾಗಜ್ಯೋತಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಮೊಣಕಾಲು ನೋವು ಹೇಗಿದೆ? ರಾಯಚೂರಿನ ಡಾಕ್ಟರು ಕೊಟ್ಟ ಗುಳಿಗೆಯನ್ನು ಬರೀ ಹೊಟ್ಟೆಯಲ್ಲಿ ನುಂಗಬೇಡ. ನಿನ್ನ ಯಜಮಾನರ ಸಕ್ಕರೆ ಹತೋಟಿಗೆ ಬಂತೇ? ನಾನು ಗಟ್ಟಿಯಾಗಿದ್ದೇನೆ. ಸಿಟ್ಟು ಇರುವವರೆಗೆ ನನಗೇನೂ ಆಗುವುದಿಲ್ಲ.

ಈ ಸಲ ಅವ್ವನ ಹಿತ್ತಲಿನಲ್ಲಿ ಎಲೆಕೋಸು ಬಂದಿರುವುದನ್ನು ನೀನು ನೋಡಬೇಕಿತ್ತು. ಅರವತ್ತು ಸಸಿ ನೆಟ್ಟಿದ್ದೆ, ಐವತ್ತೆಂಟು ಗಡ್ಡೆ ಕಟ್ಟಿವೆ. ಅಂಗೈಯಿಂದ ಒತ್ತಿದರೆ ಕಲ್ಲು ಒತ್ತಿದ ಹಾಗಿದೆ. ಸುತ್ತಲೂ ಸಾಸಿವೆ ಬಿತ್ತಿದ್ದೆ; ಚಿಟ್ಟೆಗಳು ಮೊದಲು ಅದರ ಮೇಲೆ ಮೊಟ್ಟೆ ಇಡುತ್ತವೆ, ಕೋಸು ಉಳಿಯುತ್ತದೆ. ಇಪ್ಪತ್ತಾರು ವರ್ಷ ಆದೋನಿಯ ಗ್ರಂಥಾಲಯದಲ್ಲಿ ಕೃಷಿ ಪುಸ್ತಕಗಳ ಧೂಳು ಒರೆಸಿದ್ದು ದಂಡವಾಗಲಿಲ್ಲ. ದಿನವೂ ಬೆಳಿಗ್ಗೆ ಎಲೆ ಮಗುಚಿ, ತಪ್ಪಿಸಿಕೊಂಡ ಹುಳಗಳನ್ನು ಆರಿಸಿ ಸೋಪಿನ ನೀರಿಗೆ ಹಾಕಿದೆ. ಎಲ್ಲ ಹುಳಗಳಿಗೂ ಒಂದೇ ಹೆಸರಿಟ್ಟಿದ್ದೆ. ಯಾರ ಹೆಸರೆಂದು ನಿನಗೆ ಗೊತ್ತು.

ಹೌದು, ಚಿಕ್ಕಪ್ಪನ ಮಗ ಶಿವಕೃಷ್ಣ. ಅವ್ವ ಈ ಹನ್ನೆರಡು ಸೆಂಟು ಹಿತ್ತಲನ್ನು ನಮ್ಮಿಬ್ಬರ ಹೆಸರಿಗೆ ಬರೆದಿಟ್ಟು ಹೋದಳು. ಅವಳನ್ನು ಮಣ್ಣು ಮಾಡಿದ ಮೂರನೆಯ ದಿನ, ನಾವಿನ್ನೂ ತಲೆ ಬಾಚಿರಲಿಲ್ಲ, ಅವನು ಹೆಜ್ಜೆ ಹಾಕಿ ಹಿತ್ತಲು ಅಳೆಯುತ್ತಿದ್ದ. "ಅಕ್ಕಾ, ನೀ ಪುಸ್ತಕ ಓದಾಕಿ, ಆಕಿ ರಾಯಚೂರಿನಾಕಿ. ಈ ಜಾಗ ಇಟಗೊಂಡು ಏನ್ ಮಾಡ್ತೀರಿ? ನನಗ ಕುರಿದೊಡ್ಡಿಗೆ ಬಿಟ್ಟುಬಿಡ್ರಿ" ಎಂದ. ಐದು ವರ್ಷವಾಯಿತು. ಅವನು ಅಂದು ಉಟ್ಟಿದ್ದ ಪಂಚೆಯ ಅಂಚಿನ ಬಣ್ಣ ಕೂಡ ನನಗೆ ನೆನಪಿದೆ.

ಹೋದ ಜನವರಿಯಲ್ಲಿ ನಾನು ಮೂರು ದಿನ ಊರಲ್ಲಿಲ್ಲದಾಗ ಬೇಲಿ ಕಿತ್ತು, ನಲವತ್ತು ಕುರಿಗಳನ್ನು ಒಳಗೆ ಕೂಡಿ ತರುಬಿದ. ಬಂದು ನೋಡಿದರೆ ಕೋಸಿನ ಮೋಟುಗಳು ಮಾತ್ರ ಇದ್ದವು. ಕೇಳಿದ್ದಕ್ಕೆ, "ಕುರಿಗೇನ್ ಗೊತ್ತಕ್ಕಾ ಯಾರ ಹಿತ್ತಲ ಅಂತ? ಅವಕ್ಕ ನಿನ್ನಂಗ ಓದಾಕ ಬರಂಗಿಲ್ಲ" ಎಂದು ಹಲ್ಲು ಕಿರಿದ. ನಾನು ಅಳುತ್ತ ಕೂತಿದ್ದೆ. ಪಕ್ಕದ ಮನೆಯ ಬಸವಕ್ಕ ಗೋಡೆಯಾಚೆಯಿಂದ ಇಣುಕಿ ನಕ್ಕೇಬಿಟ್ಟಳು: "ಯವ್ವಾ, ಹೊಲದಾಗ ಕುರಿ ತರುಬಸಾಕ ರೈತ್ರು ಜ್ವಾಳ ಕೊಟ್ಟು ಕೈ ಮುಗೀತಾರ. ನಿನಗ ಮೂರು ದಿನದ ಹಿಕ್ಕಿ ಗೊಬ್ಬರ ಪುಕ್ಕಟೆ ಬಿದ್ದೈತಿ. ಕಣ್ಣೊರಸ್ಕೊಂಡು ಸಲಿಕಿ ಹಿಡಿ!" ಹುಟ್ಟಿದಾಗಿನಿಂದ ಕುರಿ ಕಾದವನು ದ್ವೇಷದಲ್ಲಿ ತನ್ನ ಕಸುಬನ್ನೇ ಮರೆತಿದ್ದ. ಹಸಿ ಹಿಕ್ಕೆ ಸಸಿಯನ್ನು ಸುಡುತ್ತದೆ. ಹಾಗಾಗಿ ಮಣ್ಣಿಗೆ ಮಗುಚಿ, ಮಳೆಗಾಲ ಮುಗಿಯುವ ತನಕ ಕೊಳೆಯಲು ಬಿಟ್ಟು, ಅಕ್ಟೋಬರಿನಲ್ಲಿ ನೆಟ್ಟೆ. ಗಡ್ಡೆ ಕಟ್ಟತೊಡಗಿದ ಮೇಲೆ ಅವನು ಬೇಲಿಯ ಪಕ್ಕ ಹಾಯುವಾಗಲೆಲ್ಲ ಕೂಗಿದೆ: "ತಮ್ಮಾ, ಈ ವರ್ಷನೂ ಕುರಿ ಹೊಡಕೊಂಡು ಬಾರಪ್ಪಾ!"

ಚೀಲದಲ್ಲಿ ಕಳಿಸಿರುವ ಕೋಸನ್ನು ಕಡಲೆಬೇಳೆ ಹಾಕಿ ಮಾಡು, ಹೆಚ್ಚು ಬೇಯಿಸಬೇಡ. ನಿನ್ನ ಯಜಮಾನರು ಬಾಲರಾಜ್ ಅವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಶಿವಲೀಲಾ

ಮರೆತ ಮಾತು: ಈ ಚೀಲ ಹೊತ್ತು ತಂದು ನಿನ್ನೆದುರು ಕೂತಿರುವವನು ಶಿವಕೃಷ್ಣನೇ. ಅವನ ಜೇಬಿನಲ್ಲಿ ಹಿತ್ತಲಿನ ಹಕ್ಕು ಬಿಟ್ಟುಕೊಡುವ ಪತ್ರವಿದೆ. "ಅಕ್ಕ ಒಪ್ಪ್ಯಾಳ, ನೀನೂ ಸೈನ್ ಮಾಡು" ಅನ್ನುತ್ತಾನೆ. ನಾನು ಒಪ್ಪಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟು, ಸೋತವಳ ಹಾಗೆ ನಿಟ್ಟುಸಿರು ಬಿಟ್ಟು, "ಮೊದಲು ತಂಗಿ ಸೈನ್ ತೊಗೊಂಡು ಬಾ" ಅಂದೆ, ನಂಬಿದ. ಹೇಗೂ ರೈಲು ಹತ್ತುತ್ತೀಯಲ್ಲ, ನಾಲ್ಕು ಕೋಸು ಒಯ್ಯಿ ಎಂದರೆ ಅದಕ್ಕೂ ಖುಷಿಯಿಂದ ಒಪ್ಪಿದ. ಈ ಕಾಗದವನ್ನು ಅವನಿಗೆ ಕಾಣದಂತೆ ಕೋಸಿನ ಕೆಳಗೆ ಇಟ್ಟಿದ್ದೇನೆ; ಚೀಲ ಬಂದ ಕೂಡಲೇ ಅದರ ತಳ ನೋಡು ಎಂದು ಫೋನಿನಲ್ಲಿ ಹೇಳಿದ್ದು ಇದಕ್ಕೇ. ಸಹಿ ಹಾಕಬೇಡ. ಚಹಾ ಕೊಡು. ಬಾಗಿಲ ಹತ್ತಿರ ಬೇಡ, ಎದ್ದು ಓಡದ ಹಾಗೆ ಒಳಗಡೆ ಗೋಡೆಗೆ ಒರಗಿಸಿ ಕೂರಿಸು. ಬಾಲರಾಜ್ ಅವರನ್ನೂ ಕರೆ. ಆಮೇಲೆ ಈ ಕಾಗದವನ್ನು ಅವನೆದುರೇ ಮೊದಲಿನಿಂದ ಗಟ್ಟಿಯಾಗಿ ಓದು.