ದುರ್ಗಾಳಿಗೆ ಇನ್ನು ಬರೆ ಬೇಡ

ಮತ್ತೋಡು
೧೨-೧-೨೦೨೫

ಬೋರಣ್ಣನಿಗೆ ತಂಗಿ ಮುದ್ದಕ್ಕನ ನಮಸ್ಕಾರ.

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆಯ ಕೆಮ್ಮು ಇಳಿಯಿತೇ? ನೀನು ಹೇಳಿ ಕಳಿಸಿ ಹದಿನೈದು ದಿನವಾಯಿತು, ತಡಮಾಡಿದ್ದು ನನ್ನದೇ ತಪ್ಪು. ಫೋನ್ ಮಾಡೋಣವೆಂದರೆ ನೀನು ಗದರಿದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ ಕುರಿಮರಿ ಕಾಯಲು ಹಾಕಿದವರು ನೀವು. ಅಕ್ಷರ ತಪ್ಪಿದ್ದರೆ ನನ್ನನ್ನು ಅನ್ನಬೇಡ.

ಅಮಾವಾಸ್ಯೆಗೆ ಬಂದು ದುರ್ಗಾಳಿಗೆ ಇನ್ನೊಂದು ಸಲ ಬರೆ ಹಾಕುತ್ತೀಯಂತೆ. ಬಾ, ಉಂಡು ಹೋಗು. ಕಬ್ಬಿಣ ಮಾತ್ರ ತರಬೇಡ. ತಲೆ ಸುತ್ತಿ ಬಿದ್ದ ಕುರಿಗೆ ಹಾಕುವ ಬರೆಯನ್ನು ಹದಿನೇಳು ವರ್ಷದ ನನ್ನ ಮಗಳಿಗೆ ಹಾಕಿದೆವಲ್ಲ, ಅವಳೇನು ಕುರಿಯೇ?

ಸಿಟ್ಟು ನಿನ್ನೊಬ್ಬನ ಮೇಲಲ್ಲ. ಮೊದಲು ತೋರಿಸಿದ ಡಾಕ್ಟರು ಮೂರ್ಛೆರೋಗವೆಂದು ಎರಡು ವರ್ಷ ಗುಳಿಗೆ ನುಂಗಿಸಿದರು. ಕ್ಲಾಸಿನಲ್ಲಿ ತೂಕಡಿಸಿದಳೇ ಹೊರತು ಬೀಳುವುದು ನಿಲ್ಲಲಿಲ್ಲ. ಇನ್ನೊಂದು ಆಸ್ಪತ್ರೆಯಲ್ಲಿ ನರ್ಸಮ್ಮ ಅವಳ ತೋಳು ಚಿವುಟಿ, “ಸಿನಿಮಾದಾಗೆ ಪಾರ್ಟ್ ಕೊಡಿಸಮ್ಮ, ಚೆನ್ನಾಗಿ ಮಾಡ್ತಾಳೆ” ಅಂದಳು. ಸುತ್ತ ಇದ್ದವರೆಲ್ಲ ನಕ್ಕರು.

ದುರ್ಗದ ಜಿಲ್ಲಾಸ್ಪತ್ರೆಯ ಡಾಕ್ಟರ್ ಶಾಲಿನಿ ಮಾತ್ರ, “ಬಿದ್ದಾಗ ಫೋನಿನಾಗೆ ವಿಡಿಯೋ ಹಿಡ್ಕಂಡು ಬರ್ರಿ” ಅಂದರು. ಕಣ್ಣು ಬಿಗಿಯಾಗಿ ಮುಚ್ಚಿರುವುದು, ತಲೆ ಅತ್ತಿತ್ತ ಆಡುವುದು, ಕಾಲು ಗಂಟೆ ನಡೆಯುವುದು ಎಲ್ಲ ನೋಡಿದರು. ಆಮೇಲೆ ತಲೆಗೆ ವೈರು ಅಂಟಿಸಿ ಕೂರಿಸಿದರು. ಅಲ್ಲೇ ಬಿದ್ದಳು. ಆ ಹೊತ್ತಿನಲ್ಲೂ ಮಿದುಳಿನ ಗೆರೆಗಳಲ್ಲಿ ಮೂರ್ಛೆರೋಗದ ಗುರುತಿರಲಿಲ್ಲ.

“ಹಂಗಾದ್ರೆ ನಾಟಕಾನಾ ಮೇಡಂ?” ಅಂದೆ.

“ಅಲ್ರಮ್ಮ. ಇದೂ ನಿಜವಾದ ಕಾಯಿಲೇನೇ. ಬೇರೆ ಕಾಯಿಲೆ, ಅಷ್ಟೆ. ಬೀಳೋದು ಬಿಡೋದು ಅವಳ ಕೈಯಾಗೆ ಇಲ್ಲ.”

ಇಷ್ಟು ಹೇಳಲು ಎರಡು ವರ್ಷ ಯಾರಿಗೂ ಬಾಯಿ ಬರಲಿಲ್ಲವೇ?

ಗುಳಿಗೆಯನ್ನು ಅವರೇ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ, ನಾವಾಗಿ ನಿಲ್ಲಿಸಬಾರದು. ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸುತ್ತಾರೆ, ಅದೇ ಚಿಕಿತ್ಸೆ. ಬಿದ್ದರೆ ಅದುಮಿ ಹಿಡಿಯಬಾರದು, ಕೈಗೆ ಬೀಗದ ಕೈ ತುರುಕಬಾರದು. ಪಕ್ಕದಲ್ಲಿ ಕುಳಿತು ಮೆಲ್ಲಗೆ ಮಾತಾಡಬೇಕು. ಬೀಳುವ ಮುಂಚೆ ಅವಳಿಗೆ ಕಿವಿ ಗುಂಯ್ ಎನ್ನುತ್ತದೆ. ಆಗ ನೆಲಕ್ಕೆ ಪಾದ ಊರಿ, ಕಣ್ಣಿಗೆ ಕಂಡದ್ದರ ಹೆಸರು ಹೇಳಬೇಕಂತೆ. ಮೊನ್ನೆ ಹಾಗೇ ಮಾಡಿದಳು. “ಕಂಬಳಿ, ಕೊಡ, ಹಗ್ಗ, ಪೊರಕೆ…” ಬೀಳಲಿಲ್ಲ ಅಣ್ಣ! ನಾನು ಎದುರಿಗೇ ನಿಂತಿದ್ದೆ. “ಅಮ್ಮ” ಎನ್ನಲಿಲ್ಲ.

ಬಸ್ಸಿನಲ್ಲಿ ಬಿದ್ದರೆ, ಒಲೆಯ ಮುಂದೆ ಬಿದ್ದರೆ ಎಂಬ ಹೆದರಿಕೆ ನನಗೆ ಇದ್ದೇ ಇದೆ. ಅದರ ಮೇಲೆ ನಿನ್ನ ಕಬ್ಬಿಣದ ಹೆದರಿಕೆಯನ್ನೂ ಹೊರಲಾರೆ.

ಅತ್ತಿಗೆಗೆ ನಮಸ್ಕಾರ. ನಿನ್ನ ಮಗ ಹನುಮೇಶನಿಗೆ ನನ್ನ ಆಶೀರ್ವಾದ. ನಿಮ್ಮ ಹಟ್ಟಿ ತಣ್ಣಗಿರಲಿ.

ನಿನ್ನ ತಂಗಿ
ಮುದ್ದಕ್ಕ

ಮರೆತ ಮಾತು: ಬಿದ್ದಾಗಲೂ ಕೆಲವರಿಗೆ ಕಿವಿ ಕೇಳುತ್ತಿರುತ್ತದಂತೆ. ದುರ್ಗಾಳಿಗೂ ಕೇಳುತ್ತಿತ್ತು, ಡಾಕ್ಟರ ಮುಂದೆ ಹೇಳಿದಳು. ಅವತ್ತು ಎರಡು ಬರೆ ಹಾಕಿ ನೀನು “ಸಾಕಾ ಮುದ್ದಿ?” ಅಂದೆ. ಅವಳ ಕಾಲು ಅದುಮಿ ಹಿಡಿದಿದ್ದವಳು ನಾನು. “ಇನ್ನೊಂದು ಹಾಕಣ್ಣ” ಅಂದವಳೂ ನಾನೇ.