ಮೊಗ್ಗು ಕಳಚಿದ ಕಲೆ

ಮಾರ್ಚ್ ೧೨, ಗುರುವಾರ

ನನ್ನ ಗುಬ್ಬಿಗೆ,

ಅಮ್ಮನ ಮುದ್ದು. ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಬೇಕರಿಯ ಓವನ್ ಕೆಟ್ಟಿತ್ತು ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ನಿನ್ನ ಮೇಲೆ ಮುನಿಸಿಕೊಂಡಿದ್ದೆ.

ಸಮ್ಮೇಳನದಲ್ಲಿ ನಿನ್ನ ಭಾಷಣ ಬಹಳ ಚೆನ್ನಾಗಿತ್ತಂತೆ. ಚಿಕ್ಕಮ್ಮ ಫೋನಿನಲ್ಲಿ ನೋಡಿ ಎಲ್ಲ ಹೇಳಿದಳು. ರೋಗ ತರುವ ಯೀಸ್ಟು ಮೈತುಂಬ ಒಂದು ಸಕ್ಕರೆಯ ಕೋಟು ಹೊದ್ದು, ಒಳಗಿನ ಇನ್ನೊಂದು ಸಕ್ಕರೆಯನ್ನು ಮುಚ್ಚಿಟ್ಟುಕೊಳ್ಳುತ್ತದಂತೆ. ನಮ್ಮ ರಕ್ತದ ಕಾವಲು ಕೋಶಗಳ ಮೇಲಿರುವ ಪ್ರೋಟೀನಿಗೆ ಅದು ಎದುರಿಗೇ ಇದ್ದರೂ ಗುರುತು ಸಿಗುವುದಿಲ್ಲವಂತೆ. ಆದರೆ ತಾಯಿ ಯೀಸ್ಟಿನಿಂದ ಮರಿ ಮೊಗ್ಗು ಕಳಚಿಕೊಂಡ ಜಾಗದಲ್ಲಿ ಒಂದು ಕಲೆ ಉಳಿಯುತ್ತದೆ, ಒಳಗಿನ ಸಕ್ಕರೆ ಅಲ್ಲಿ ಇಣುಕುತ್ತದೆ, ಪ್ರೋಟೀನು ಅಲ್ಲೇ ಹಿಡಿದುಕೊಳ್ಳುತ್ತದೆ ಎಂದೆಯಂತೆ. ಮಗಳು ಹೋದ ಜಾಗ ತಾಯಿಯ ಮೈಮೇಲೆ ಕಾಣುತ್ತದೆ ಎಂದು ನನಗೆ ಯಾರೂ ಪಾಠ ಮಾಡಬೇಕಿರಲಿಲ್ಲ.

ಕೊನೆಗೆ, "ನನಗೆ ಯೀಸ್ಟನ್ನ ಮೊದಲು ತೋರಿಸಿದ್ದೇ ನಮ್ಮ ಮೇಡಂ. ಅವರು ನನಗೆ ಇನ್ನೊಬ್ಬ ಅಮ್ಮ ಇದ್ದ ಹಾಗೆ" ಅಂದೆಯಂತೆ. ಹೊಟ್ಟೆ ಉರಿಯಿತು ಕಣೇ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ಚಿಕ್ಕವಳಿದ್ದಾಗ, ಯೀಸ್ಟು ಬೆರೆಸಿ ಉಬ್ಬಲು ಬಿಟ್ಟ ನನ್ನ ಹಿಟ್ಟಿನ ತೊಟ್ಟಿಗೆ ಕಿವಿಯಿಟ್ಟು, "ಅಮ್ಮಾ, ಒಳಗೆ ಯಾರೋ ಉಸಿರಾಡ್ತಿದಾರೆ" ಅಂದವಳು ಯಾರು? ಆಗ ನಿನ್ನ ಮೇಡಂ ಎಲ್ಲಿದ್ದರು? ಅವರ ಸೂಕ್ಷ್ಮದರ್ಶಕ ದೊಡ್ಡದಿರಬಹುದು. ನನ್ನ ತೊಟ್ಟಿಯೇನೂ ಚಿಕ್ಕದಲ್ಲ.

"ಅಕ್ಕಾ, ನಿಂಗೆ ಹೊಟ್ಟೆಕಿಚ್ಚು" ಎಂದು ಚಿಕ್ಕಮ್ಮ ನಗುತ್ತಾಳೆ. "ಹೌದು ಕಣೇ, ಓವನ್ ರಿಪೇರಿ ಆಗೋವರೆಗೂ ಅದರಲ್ಲೇ ಬ್ರೆಡ್ ಬೇಯಿಸ್ತೀನಿ" ಎಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪ್ರಯೋಗಾಲಯದಲ್ಲಿ ಕೈಗವಸು ಹಾಕಿಕೋ. ನಿನಗೆ ಒಳ್ಳೆಯದಾಗಲಿ. ಮೇಡಂಗೂ ಆಗಲಿ, ಒಂದು ಚೂರು ಕಡಿಮೆ.

ನಿನ್ನ ಅಮ್ಮ
(ಮೊದಲನೆಯವಳು)

ಮರೆತ ಮಾತು: ಚಿಕ್ಕಮ್ಮ ಯಾವ ಫೋನನ್ನೂ ನೋಡಿಲ್ಲ. ನಾನೇ ಬಂದಿದ್ದೆ. ನಿನಗೆ ಹೇಳದೆ ಬಂದು ಖುಷಿಪಡಿಸೋಣವೆಂದುಕೊಂಡಿದ್ದೆ. ಅಷ್ಟು ಜನರೆದುರು ನಿನಗೆ ಮುಜುಗರವಾಗಬಾರದೆಂದು ಉಗುರಿನೊಳಗಿನ ಹಿಟ್ಟನ್ನೆಲ್ಲ ತಿಕ್ಕಿ ತೊಳೆದು, ಹೊಸ ಕೋಟು ತೊಟ್ಟು, ಸಭಾಂಗಣದ ಬಾಗಿಲಲ್ಲಿ ನಿಂತು ನಿನ್ನ ಭಾಷಣವೆಲ್ಲ ಕೇಳಿದೆ. ನೀನು ಮೇಡಂ ತೋಳು ಹಿಡಿದು ನಗುತ್ತಾ ಹೊರಗೆ ಬಂದೆ. ನನ್ನ ಕಡೆ ಅರೆಗಳಿಗೆ ನೋಡಿ, "ಸ್ವಲ್ಪ ದಾರಿ ಬಿಡ್ತೀರಾ?" ಅಂದೆ.

ಬಿಟ್ಟೆ.